ಡಿಕನ್ಸ್‌ನ ಮನೆಗಳು: ಬಾಡಿಗೆ ಲೆಕ್ಕ ಹಿಡಿದು ಓದುವ ಟಿಪ್ಪಣಿ

ಚಾರ್ಲ್ಸ್ ಡಿಕನ್ಸ್ ವಾಸವಿದ್ದ ಮನೆಗಳನ್ನು ಬರೀ ವಿಳಾಸಗಳ ಪಟ್ಟಿಯಾಗಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ಪೋರ್ಟ್ಸ್‌ಮತ್, ಚ್ಯಾಟಮ್, ಕ್ಯಾಮ್ಡೆನ್ ಟೌನ್, ಡೌಟಿ ಸ್ಟ್ರೀಟ್, ಗ್ಯಾಡ್ಸ್ ಹಿಲ್ ಎಂದು ಹೆಸರುಗಳು ಒಂದರ ಹಿಂದೊಂದು ಬರುತ್ತವೆ, ಆದರೆ ಇಲ್ಲಿಂದ ಅಲ್ಲಿಗೆ ಯಾಕೆ ಹೋದರು ಎಂಬುದು ಅದರಲ್ಲಿ ಸಿಗುವುದಿಲ್ಲ. ಆ 'ಯಾಕೆ'ಗೆ ಉತ್ತರ ಹೆಚ್ಚಿನ ಸಲ ಬಾಡಿಗೆಯಲ್ಲಿದೆ. 58 ವರ್ಷ ಬದುಕಿದ ಡಿಕನ್ಸ್ ಸ್ವಂತಕ್ಕೆಂದು ಕೊಂಡದ್ದು ಒಂದೇ ಮನೆ, ಅದೂ 44ನೇ ವಯಸ್ಸಿನಲ್ಲಿ. ಉಳಿದವೆಲ್ಲ ಬಾಡಿಗೆಯವು, ಲೀಸಿನವು. ಸಾಲ, ಜೈಲು, ಮನೆ ಖಾಲಿ ಮಾಡುವುದು, ಬಾಡಿಗೆ ಕೋಣೆ ಇವೆಲ್ಲ ಅವನ ಕಾದಂಬರಿಗಳಲ್ಲಿ ಅಷ್ಟು ದಟ್ಟವಾಗಿ ಬರುವುದರ ಕಾರಣವೂ ಇದೇ.

ಮೊದಲು ಮೂರು ವಿಷಯ ತಿಳಿದಿರಲಿ

ಹಣ: ಆಗಿನ 1 ಪೌಂಡ್‌ಗೆ 20 ಶಿಲ್ಲಿಂಗ್, 1 ಶಿಲ್ಲಿಂಗ್‌ಗೆ 12 ಪೆನ್ಸ್. ಈಗಿನಂತೆ ನೂರರ ಲೆಕ್ಕದಲ್ಲಿ ಓದಿದರೆ ಎಲ್ಲ ಅಂಕಿಗಳೂ ತಪ್ಪುತ್ತವೆ.

ಲೀಸ್: ನಮ್ಮಲ್ಲಿ ಭೋಗ್ಯಕ್ಕೆ ಮನೆ ಹಿಡಿದರೆ ಇಡಿಗಂಟು ಕೊಡುತ್ತೇವೆ, ತಿಂಗಳ ಬಾಡಿಗೆ ಇರುವುದಿಲ್ಲ, ಬಿಡುವಾಗ ಹಣ ವಾಪಸ್ ಬರುತ್ತದೆ. ಇಂಗ್ಲೆಂಡಿನ ಲೀಸ್ ಹಾಗಲ್ಲ. ಉಳಿದ ಅವಧಿಯ ಹಕ್ಕಿಗೆ ಕೊಟ್ಟ ಇಡಿಗಂಟು ಮನೆಯೊಡೆಯನಿಂದ ವಾಪಸ್ ಬರುವುದಿಲ್ಲ, ಅದರ ಮೇಲೆ ವರ್ಷದ ಬಾಡಿಗೆಯನ್ನೂ ಕಟ್ಟಬೇಕು. ಬೇಕೆಂದರೆ ಉಳಿದ ವರ್ಷಗಳನ್ನು ಇನ್ನೊಬ್ಬರಿಗೆ ಮಾರಬಹುದು, ಅಷ್ಟೇ. 'ಡಿಕನ್ಸ್ ಡೆವನ್‌ಶೈರ್ ಟೆರೇಸ್ ಮನೆಯನ್ನು 800 ಪೌಂಡ್‌ಗೆ ಕೊಂಡ' ಎಂದು ಬರೆಯುವವರು ಎಡವುವುದು ಇಲ್ಲೇ. ಅವನು ಕೊಂಡದ್ದು ಲೀಸನ್ನು.

ಮೂರನೆಯದು ಬಾಡಿಗೆ ಕಟ್ಟುವ ದಿನ. ವರ್ಷಕ್ಕೆ ನಾಲ್ಕು ಕಂತು: ಮಾರ್ಚ್ 25 (ಲೇಡಿ ಡೇ), ಜೂನ್ 24 (ಮಿಡ್‌ಸಮ್ಮರ್), ಸೆಪ್ಟೆಂಬರ್ 29 (ಮಿಕಲ್‌ಮಸ್), ಡಿಸೆಂಬರ್ 25 (ಕ್ರಿಸ್‌ಮಸ್). ಕರಾರು ಶುರುವಾಗುವುದು, ಮುಗಿಯುವುದು ಸಾಮಾನ್ಯವಾಗಿ ಈ ದಿನಗಳಲ್ಲೇ. ಡಿಕನ್ಸ್ ಕುಟುಂಬ ಮನೆ ಬದಲಿಸಿದ ತಾರೀಖುಗಳನ್ನು ಇವುಗಳ ಪಕ್ಕ ಇಟ್ಟು ನೋಡಿ: ಹುಟ್ಟಿದ ಮನೆ ಬಿಟ್ಟದ್ದು 1812ರ ಮಿಡ್‌ಸಮ್ಮರ್‌ಗೆ, ಗೋವರ್ ಸ್ಟ್ರೀಟಿಗೆ ಹೋದದ್ದು 1823ರ ಮಿಕಲ್‌ಮಸ್‌ಗೆ, ಮನೆಯವರು ಜೈಲು ಸೇರಿದ್ದು 1824ರ ಲೇಡಿ ಡೇ ಹೊತ್ತಿಗೆ, ಡೌಟಿ ಸ್ಟ್ರೀಟ್ ಹಿಡಿದದ್ದು 1837ರ ಲೇಡಿ ಡೇಗೆ. ಈ ನಾಲ್ಕು ದಿನ ನೆನಪಿದ್ದರೆ ಅರ್ಧ ತಾರೀಖುಗಳು ತಾವಾಗಿಯೇ ನೆನಪಾಗುತ್ತವೆ.

ಪೋರ್ಟ್ಸ್‌ಮತ್, 1812

ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರುವರಿ 7ರಂದು, ಪೋರ್ಟ್ಸ್‌ಮತ್‌ನ ಲ್ಯಾಂಡ್‌ಪೋರ್ಟ್ ಭಾಗದ ಮೈಲ್ ಎಂಡ್ ಟೆರೇಸಿನಲ್ಲಿ. ಅಪ್ಪ ಜಾನ್ ಡಿಕನ್ಸ್ ನೌಕಾಪಡೆಯ ಸಂಬಳ ಕಚೇರಿಯಲ್ಲಿ ಗುಮಾಸ್ತ. ಬಾಡಿಗೆ ವರ್ಷಕ್ಕೆ 35 ಪೌಂಡ್. ಮಗುವಿಗೆ ಐದು ತಿಂಗಳು ತುಂಬುವುದರೊಳಗೆ ಆ ಮನೆ ಬಿಟ್ಟಾಗಿತ್ತು. ಹಾಗಾಗಿ 'ಪೋರ್ಟ್ಸ್‌ಮತ್‌ನ ಬಾಲ್ಯ ಡಿಕನ್ಸ್ ಮೇಲೆ ಬೀರಿದ ಪ್ರಭಾವ' ಎಂದು ಪುಟ ತುಂಬಿಸಲು ಹೋಗಬೇಡಿ, ಈ ಮನೆಗೆ ಸಂಬಂಧಿಸಿ ಅಲ್ಲಿ ಹೇಳುವಂಥದ್ದು ಏನೂ ಇಲ್ಲ. ಮನೆ ಮಾತ್ರ ಉಳಿದಿದೆ. ಈಗ ಅದು 393, ಓಲ್ಡ್ ಕಮರ್ಷಿಯಲ್ ರೋಡ್, ಜನ್ಮಸ್ಥಳ ಮ್ಯೂಸಿಯಂ. 1870ರಲ್ಲಿ ಅವನು ಗ್ಯಾಡ್ಸ್ ಹಿಲ್‌ನಲ್ಲಿ ಪ್ರಾಣ ಬಿಟ್ಟ ಸೋಫಾ ಕೂಡ ಇಲ್ಲೇ ಇದೆ. ಇದನ್ನು ನೋಡಿ ಪೋರ್ಟ್ಸ್‌ಮತ್‌ನಲ್ಲೇ ಸತ್ತ ಎಂದು ತಿಳಿಯುವವರಿದ್ದಾರೆ.

ಚ್ಯಾಟಮ್, 1817 ರಿಂದ 1822

ಬಾಲ್ಯದ ಪ್ರಭಾವ ಎಂದರೆ ಚ್ಯಾಟಮ್. ಮೊದಲು ಗುಡ್ಡದ ಮೇಲಿನ 2, ಆರ್ಡ್‌ನನ್ಸ್ ಟೆರೇಸ್. 1821ರಲ್ಲಿ ಕೈ ಬಿಗಿಯಾದಾಗ ಕೆಳಗೆ ಹಡಗುಕಟ್ಟೆಯ ಕಡೆ ಇದ್ದ ಸೇಂಟ್ ಮೇರಿಸ್ ಪ್ಲೇಸ್. ಅಪ್ಪ ಕೊಂಡಿಟ್ಟಿದ್ದ ಹಳೆಯ ಕಾದಂಬರಿಗಳನ್ನು, ಅರೇಬಿಯನ್ ನೈಟ್ಸ್ ಕಥೆಗಳನ್ನು ಹುಡುಗ ಓದಿದ್ದು ಚ್ಯಾಟಮ್‌ನಲ್ಲಿ. 'ಡೇವಿಡ್ ಕಾಪರ್‌ಫೀಲ್ಡ್'ನ ನಾಲ್ಕನೇ ಅಧ್ಯಾಯದಲ್ಲಿ ಡೇವಿಡ್ ಒಬ್ಬನೇ ಕೂತು ಓದುವ ಭಾಗವನ್ನು ಇದರ ಜೊತೆ ಇಟ್ಟು ಓದಿ. ರಾಚೆಸ್ಟರ್ ಪಟ್ಟಣ, ಮೆಡ್ವೆ ನದಿ, ಜವುಗು ಬಯಲು, ಕೈದಿಗಳನ್ನಿಟ್ಟಿದ್ದ ಹಡಗುಗಳು ಎಲ್ಲವೂ ಈ ಐದು ವರ್ಷಗಳ ಸಂಪಾದನೆ. ಮುಂದೆ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಎದ್ದು ನಿಂತದ್ದು ಇದೇ ನೆಲದ ಮೇಲೆ.

ಅಪ್ಪನ ಜೊತೆ ತಿರುಗಾಡಲು ಹೋದಾಗ ಗ್ಯಾಡ್ಸ್ ಹಿಲ್‌ನ ದೊಡ್ಡ ಮನೆ ಕಣ್ಣಿಗೆ ಬೀಳುತ್ತಿತ್ತು. ಚೆನ್ನಾಗಿ ದುಡಿದರೆ ಮುಂದೊಂದು ದಿನ ನೀನೂ ಅಲ್ಲಿರಬಹುದು ಎಂದು ಅಪ್ಪ ಹೇಳುತ್ತಿದ್ದನಂತೆ. ಇದನ್ನು ಡಿಕನ್ಸ್ 1860ರಲ್ಲಿ ತಾನೇ ಒಂದು ಲೇಖನದಲ್ಲಿ ಬರೆದಿದ್ದಾನೆ.

ಲಂಡನ್: 22 ಪೌಂಡ್‌ನಿಂದ 50ಕ್ಕೆ, ಅಲ್ಲಿಂದ ಜೈಲಿಗೆ

ಈ ಭಾಗವನ್ನು ನಿಧಾನವಾಗಿ ಓದಬೇಕು. ಅಪ್ಪನಿಗೆ ಲಂಡನ್ನಿಗೆ ವರ್ಗವಾದಾಗ ಸಿಕ್ಕಿದ್ದು ಕ್ಯಾಮ್ಡೆನ್ ಟೌನ್‌ನ ಬೇಹಮ್ ಸ್ಟ್ರೀಟಿನ ಸಣ್ಣ ಮನೆ. ಬಾಡಿಗೆ ವರ್ಷಕ್ಕೆ 22 ಪೌಂಡ್. ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದ ಹೊತ್ತು ಅದು. ಇಂಥ ಸ್ಥಿತಿಯಲ್ಲಿ ಕುಟುಂಬ ಇನ್ನೂ ಚಿಕ್ಕ ಮನೆಗೆ ಹೋಗಬೇಕಿತ್ತು. ಆದದ್ದು ತಿರುಗುಮುರುಗು: 1823ರ ಮಿಕಲ್‌ಮಸ್‌ಗೆ 4, ಗೋವರ್ ಸ್ಟ್ರೀಟ್ ನಾರ್ತ್ ಮನೆ ಹಿಡಿದರು, ಬಾಡಿಗೆ 50 ಪೌಂಡ್. ಎರಡು ಪಟ್ಟಿಗಿಂತ ಹೆಚ್ಚು! ಕಾರಣ ಅಮ್ಮ ಎಲಿಜಬೆತ್ ಶಾಲೆ ನಡೆಸುವ ಯೋಜನೆ ಹಾಕಿಕೊಂಡಿದ್ದಳು. ಬಾಗಿಲಿಗೆ ಹಿತ್ತಾಳೆ ಫಲಕ ಬಂತು, ಚಾರ್ಲ್ಸ್ ಮನೆಮನೆಗೆ ಹೋಗಿ ಕರಪತ್ರ ಹಂಚಿದ. ಒಂದು ಮಗುವೂ ಬರಲಿಲ್ಲ.

1824ರ ಫೆಬ್ರುವರಿ 20ರಂದು ಜಾನ್ ಡಿಕನ್ಸ್‌ನ ಬಂಧನವಾಯಿತು. ಬ್ರೆಡ್ ಮಾರುವವನೊಬ್ಬನಿಗೆ ಕೊಡಬೇಕಿದ್ದ 40 ಪೌಂಡ್ 10 ಶಿಲ್ಲಿಂಗ್ ಸಾಲಕ್ಕೆ ಸಿಕ್ಕಿದ್ದು ಸದರ್ಕ್‌ನ ಮಾರ್ಷಲ್‌ಸೀ ಜೈಲು. ಅದೇ ತಿಂಗಳು ಆಗ ತಾನೇ 12 ತುಂಬಿದ ಚಾರ್ಲ್ಸ್ ಹಂಗರ್‌ಫರ್ಡ್ ಸ್ಟೇರ್ಸ್‌ನ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಡಬ್ಬಿಗಳ ಬಾಯಿಗೆ ಕಾಗದ ಮುಚ್ಚಿ, ದಾರ ಕಟ್ಟಿ, ಅಂಚು ಕತ್ತರಿಸಿ, ಚೀಟಿ ಅಂಟಿಸುವ ಕೆಲಸ. ವಾರಕ್ಕೆ 6 ಅಥವಾ 7 ಶಿಲ್ಲಿಂಗ್ ಎಂದು ಅವನೇ ನೆನಪಿಸಿಕೊಂಡಿದ್ದಾನೆ.

ಈಗ ಲೆಕ್ಕ ಹಾಕಿ. 40 ಪೌಂಡ್ 10 ಶಿಲ್ಲಿಂಗ್ ಎಂದರೆ 810 ಶಿಲ್ಲಿಂಗ್. ವಾರಕ್ಕೆ 6ರಂತೆ ಆ ಹುಡುಗ ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೂ ಅಪ್ಪನ ಸಾಲ ತೀರಲು 135 ವಾರ ಬೇಕು, ಎರಡೂವರೆ ವರ್ಷಕ್ಕಿಂತ ಹೆಚ್ಚು. 'ಬಡತನದ ಬಾಲ್ಯ' ಎಂದು ಒಂದೇ ಮಾತಿನಲ್ಲಿ ಮುಗಿಸುವ ಬದಲು ಈ ಲೆಕ್ಕವನ್ನು ಉತ್ತರದಲ್ಲಿ ಬರೆಯಿರಿ. ಆದಾಯ 20 ಪೌಂಡ್ ಇದ್ದು ಖರ್ಚು ಅದಕ್ಕಿಂತ 6 ಪೆನ್ಸ್ ಕಡಿಮೆಯಾದರೆ ಸುಖ, 6 ಪೆನ್ಸ್ ಹೆಚ್ಚಾದರೆ ದುಃಖ ಎನ್ನುವ, 'ಡೇವಿಡ್ ಕಾಪರ್‌ಫೀಲ್ಡ್'ನ ಪಾತ್ರ ಮಿಕಾಬರ್‌ನ ಮಾತು ಎಲ್ಲಿಂದ ಬಂತು ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಗೋವರ್ ಸ್ಟ್ರೀಟಿನ ಮನೆಯ ಸಾಮಾನುಗಳು ಒಂದೊಂದಾಗಿ ಗಿರವಿಗೆ, ಮಾರಾಟಕ್ಕೆ ಹೋದವು. ಚ್ಯಾಟಮ್‌ನಲ್ಲಿ ಓದಿದ್ದ ಪುಸ್ತಕಗಳನ್ನು ಮಾರಿಬರಲು ಕಳಿಸಿದ್ದು ಚಾರ್ಲ್ಸ್‌ನನ್ನೇ. ಕೊನೆಗೆ ಖಾಲಿಯಾದ ಎರಡು ಕೋಣೆಗಳಲ್ಲಿ ಉಳಿದವರು ಬಿಡಾರ ಹೂಡಿದ್ದರು. ಲೇಡಿ ಡೇ ಬಂದಾಗ ಆ ಮನೆಯನ್ನೂ ಬಿಟ್ಟು ಅಮ್ಮ ಮತ್ತು ಚಿಕ್ಕ ಮಕ್ಕಳು ಅಪ್ಪನಿದ್ದ ಜೈಲಿನ ಕೋಣೆಗೇ ಹೋದರು. ಸಾಲಗಾರರ ಜೈಲಿನಲ್ಲಿ ಹಾಗೆ ಸಂಸಾರ ಸಮೇತ ಇರಲು ಅವಕಾಶವಿತ್ತು. ಚಾರ್ಲ್ಸ್ ಮಾತ್ರ ಹೊರಗೆ, ಮೊದಲು ಕ್ಯಾಮ್ಡೆನ್ ಟೌನ್‌ನಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ, ಆಮೇಲೆ ಜೈಲಿಗೆ ಹತ್ತಿರದ ಲ್ಯಾಂಟ್ ಸ್ಟ್ರೀಟಿನ ಬಾಡಿಗೆ ಕೋಣೆಯಲ್ಲಿ. ಬೆಳಗಿನ ತಿಂಡಿಗೂ ರಾತ್ರಿಯ ಊಟಕ್ಕೂ ಜೈಲಿಗೆ ಬರುತ್ತಿದ್ದ.

ಅಪ್ಪ ದಿವಾಳಿ ಕಾನೂನಿನಡಿ ಬಿಡುಗಡೆ ಕೋರಿದಾಗ ಒಂದು ಷರತ್ತಿತ್ತು: ಮನೆಮಂದಿಯ ಬಟ್ಟೆಬರೆ, ಮೈಮೇಲಿನ ವಸ್ತುಗಳ ಬೆಲೆ 20 ಪೌಂಡ್ ಮೀರಬಾರದು. ಹುಡುಗನೂ ಬೆಲೆಕಟ್ಟುವ ಅಧಿಕಾರಿಯ ಮುಂದೆ ನಿಲ್ಲಬೇಕಾಯಿತು. ಬಿಳಿ ಟೋಪಿ, ಗಿಡ್ಡ ಕೋಟು, ಕಾರ್ಡುರಾಯ್ ಪ್ಯಾಂಟು. ಜೇಬಿನಲ್ಲಿ ಅಜ್ಜಿ ಕೊಟ್ಟಿದ್ದ ಬೆಳ್ಳಿ ಗಡಿಯಾರ ಜೋರಾಗಿ ಟಿಕ್ ಟಿಕ್ ಎನ್ನುತ್ತಿತ್ತು, ಅದು ಕೇಳಿಸಿಬಿಟ್ಟರೆ ಎಂಬ ಭಯ. ಅಧಿಕಾರಿ ನೋಡಿ ಸುಮ್ಮನೆ ಕಳಿಸಿದ. ಅಪ್ಪ ಹೊರಬಂದದ್ದು ಮೇ 28ಕ್ಕೆ, ಸುಮಾರು 14 ವಾರಗಳ ಮೇಲೆ. ಇದನ್ನೆಲ್ಲ ಡಿಕನ್ಸ್ ಬದುಕಿರುವಾಗ ಓದುಗರಿಗೆ ತಿಳಿಸಲಿಲ್ಲ. ಆಪ್ತ ಗೆಳೆಯ ಜಾನ್ ಫಾರ್‌ಸ್ಟರ್‌ಗೆ ಬರೆದುಕೊಟ್ಟಿದ್ದ ಹಾಳೆಗಳು ಡಿಕನ್ಸ್ ಸತ್ತ ಮೇಲೆ ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಲ್ಲಿ ಬೆಳಕಿಗೆ ಬಂದವು. ಅಂದರೆ ಇದೇ ಜೈಲಿನ ಸುತ್ತ ಹೆಣೆದ ಕಾದಂಬರಿ 'ಲಿಟಲ್ ಡಾರಿಟ್' ಓದಿದ ಅಂದಿನ ಜನರಿಗೆ ಮಾರ್ಷಲ್‌ಸೀ ಲೇಖಕನ ಮನೆಯ ಸಂಗತಿ ಎಂದು ಗೊತ್ತೇ ಇರಲಿಲ್ಲ. ಜೈಲಿನಲ್ಲಿ ಈಗ ಉಳಿದಿರುವುದು ಸೇಂಟ್ ಜಾರ್ಜ್ ದಿ ಮಾರ್ಟರ್ ಚರ್ಚಿನ ಪಕ್ಕದ ಉದ್ದ ಗೋಡೆ ಒಂದೇ.

ಫರ್ನಿವಲ್ಸ್ ಇನ್, ಡೌಟಿ ಸ್ಟ್ರೀಟ್

ವರದಿಗಾರನಾಗಿ ಸಂಪಾದನೆ ಶುರುವಾದ ಮೇಲೆ 1834ರ ಕೊನೆಯಲ್ಲಿ ಹೋಬರ್ನ್‌ನ ಫರ್ನಿವಲ್ಸ್ ಇನ್‌ನಲ್ಲಿ ಕೋಣೆ ಹಿಡಿದ. 'ಪಿಕ್‌ವಿಕ್ ಪೇಪರ್ಸ್' ಶುರುವಾದದ್ದು ಅಲ್ಲಿ, 1836ರ ಏಪ್ರಿಲ್ 2ರಂದು ಕ್ಯಾಥರೀನ್ ಹೋಗಾರ್ತ್‌ಳನ್ನು ಮದುವೆಯಾಗಿ ಸಂಸಾರ ಹೂಡಿದ್ದೂ ಅಲ್ಲೇ. ಮೊದಲ ಮಗು ಹುಟ್ಟಿದಾಗ ಜಾಗ ಸಾಲದಾಯಿತು.

48, ಡೌಟಿ ಸ್ಟ್ರೀಟ್, ವರ್ಷಕ್ಕೆ 80 ಪೌಂಡ್. ಬೀದಿಯ ಎರಡೂ ತುದಿಗೆ ಗೇಟು, ಸಮವಸ್ತ್ರದ ಕಾವಲುಗಾರ. ಕಾರ್ಖಾನೆ ಬಿಟ್ಟ ಹುಡುಗ ಹದಿಮೂರೇ ವರ್ಷದಲ್ಲಿ ಇಲ್ಲಿಗೆ ಬಂದು ನಿಂತಿದ್ದ. ಸಾಲುಮನೆಯಾದ್ದರಿಂದ ಅಗಲ ಕಡಿಮೆ, ಎತ್ತರ ಜಾಸ್ತಿ. ಕೆಳಗಿನಿಂದ ಮೇಲಕ್ಕೆ ನೆನಪಿಟ್ಟುಕೊಳ್ಳಿ: ನೆಲಮಾಳಿಗೆಯಲ್ಲಿ ಅಡುಗೆಮನೆ, ಪಾತ್ರೆ ತೊಳೆಯುವ ಕೋಣೆ, ಬಟ್ಟೆ ಕುದಿಸುವ ಹಂಡೆಯಿದ್ದ ಒಗೆಯುವ ಕೋಣೆ, ವೈನ್ ಇಡುವ ನೆಲಗೂಡು. ರಸ್ತೆ ಮಟ್ಟದಲ್ಲಿ ಊಟದ ಕೋಣೆ, ಬೆಳಗಿನ ಹೊತ್ತು ಕೂರುವ ಕೋಣೆ. ಅದರ ಮೇಲೆ ಅತಿಥಿಗಳ ಹಜಾರ ಮತ್ತು ಹಿಂಬದಿಗೆ ಬರೆಯುವ ಕೋಣೆ. ಅದಕ್ಕೂ ಮೇಲೆ ಮಲಗುವ ಕೋಣೆಗಳು, ಅಟ್ಟದ ಮಟ್ಟದಲ್ಲಿ ಮಕ್ಕಳು ಮತ್ತು ಆಳುಗಳು. ಮೇಲೆ ಬೇಕಾದ ನೀರು, ಇದ್ದಿಲು ಎಲ್ಲವನ್ನೂ ಆಳುಗಳು ಹೊತ್ತು ಮೆಟ್ಟಿಲು ಹತ್ತಬೇಕು. ಡಿಕನ್ಸ್ ಕಾದಂಬರಿಯಲ್ಲಿ ಕೆಳಗಿನ ಅಡುಗೆಮನೆ, ಮೇಲಿನ ಹಜಾರ ಎಂಬ ಭೇದ ಬಂದಾಗಲೆಲ್ಲ ಈ ನಕ್ಷೆ ಕಣ್ಮುಂದಿರಲಿ.

ಇಲ್ಲಿ 'ಪಿಕ್‌ವಿಕ್' ಮುಗಿಯಿತು, 'ಆಲಿವರ್ ಟ್ವಿಸ್ಟ್' ಮತ್ತು 'ನಿಕೊಲಸ್ ನಿಕಲ್ಬಿ' ಬರೆದಾದವು. ಇಲ್ಲೇ 1837ರ ಮೇ 7ರಂದು ನಾದಿನಿ ಮೇರಿ ಹೋಗಾರ್ತ್ 17ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಳು, ಹಿಂದಿನ ಸಂಜೆ ಮನೆಯವರ ಜೊತೆ ನಾಟಕ ನೋಡಿ ಬಂದವಳು. ತಿಂಗಳ ಕಂತುಗಳಾಗಿ ಅಚ್ಚಾಗುತ್ತಿದ್ದ 'ಪಿಕ್‌ವಿಕ್', 'ಆಲಿವರ್' ಎರಡರ ಕಂತುಗಳೂ ಜೂನ್‌ನಲ್ಲಿ ಬರಲಿಲ್ಲ. ಗಡುವು ತಪ್ಪಿಸದ ಲೇಖಕ ದುಃಖದಿಂದ ಬರೆಯುವುದನ್ನೇ ನಿಲ್ಲಿಸಿದ ಅಪರೂಪದ ಪ್ರಸಂಗ ಇದು. 'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್' ಕಾದಂಬರಿಯ ಲಿಟಲ್ ನೆಲ್‌ಳ ಸಾವಿನ ಬಗ್ಗೆ ಪ್ರಶ್ನೆ ಬಂದರೆ ಈ ಮನೆಯ ಎರಡನೇ ಮಹಡಿಯ ಕೋಣೆಯಿಂದಲೇ ಉತ್ತರ ಶುರು ಮಾಡಬಹುದು.

ಡಿಕನ್ಸ್ ಫೆಲೋಶಿಪ್ ಸಂಘ ಈ ಮನೆಯನ್ನು ಕೊಂಡು 1925ರಲ್ಲಿ ಮ್ಯೂಸಿಯಂ ಮಾಡಿತು. ಲಂಡನ್ನಿನಲ್ಲಿ ಅವನು ಸಂಸಾರ ಮಾಡಿದ ಮನೆಗಳಲ್ಲಿ ಉಳಿದಿರುವುದು ಇದೊಂದೇ. ಆ ಕಾರಣಕ್ಕೆ ಇಲ್ಲೇ ಬಹುಕಾಲ ಇದ್ದನೆಂಬ ಭಾವನೆ ಬರುತ್ತದೆ. ನಿಜಕ್ಕೂ ಇದ್ದದ್ದು ಮೂರು ವರ್ಷಕ್ಕೂ ಕಡಿಮೆ.

ಡೆವನ್‌ಶೈರ್ ಟೆರೇಸ್, ಟ್ಯಾವಿಸ್ಟಾಕ್ ಹೌಸ್

1839ರ ಡಿಸೆಂಬರ್‌ನಲ್ಲಿ ರೀಜೆಂಟ್ಸ್ ಪಾರ್ಕ್ ಬಳಿಯ 1, ಡೆವನ್‌ಶೈರ್ ಟೆರೇಸ್. ಲೀಸಿಗೆ 800 ಪೌಂಡ್, ಜೊತೆಗೆ ವರ್ಷದ ಬಾಡಿಗೆ 160. ಡೌಟಿ ಸ್ಟ್ರೀಟಿನ ಎರಡು ಪಟ್ಟು. 12 ವರ್ಷ ಇದ್ದು 'ಎ ಕ್ರಿಸ್‌ಮಸ್ ಕ್ಯಾರಲ್', 'ಡಾಂಬಿ ಆ್ಯಂಡ್ ಸನ್', 'ಡೇವಿಡ್ ಕಾಪರ್‌ಫೀಲ್ಡ್' ಸೇರಿ ದೊಡ್ಡ ಪಾಲು ಬರಹವನ್ನು ಈ ಅವಧಿಯಲ್ಲೇ ಮಾಡಿದ. ಅಮೆರಿಕ, ಜಿನೋವಾಗಳಿಗೆ ದೀರ್ಘಕಾಲ ಹೋದಾಗ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಹೋಗುತ್ತಿದ್ದ, ಖರ್ಚು ತೂಗಿಸಲು. 20ನೇ ಶತಮಾನದಲ್ಲಿ ಮನೆ ಕೆಡವಿದರು. ಆ ಜಾಗದಲ್ಲಿ ಮ್ಯಾರಿಲಬೋನ್ ರಸ್ತೆಯ ಕಟ್ಟಡಕ್ಕೆ ಡಿಕನ್ಸ್ ಮತ್ತು ಅವನ ಪಾತ್ರಗಳ ಉಬ್ಬುಶಿಲ್ಪ ಅಂಟಿಸಿದ್ದಾರೆ.

1851ರ ನವೆಂಬರ್‌ನಿಂದ ಟ್ಯಾವಿಸ್ಟಾಕ್ ಹೌಸ್. 'ಬ್ಲೀಕ್ ಹೌಸ್', 'ಹಾರ್ಡ್ ಟೈಮ್ಸ್', 'ಲಿಟಲ್ ಡಾರಿಟ್' ಇಲ್ಲಿಯವು. ಮಕ್ಕಳ ಪಾಠದ ಕೋಣೆಯನ್ನೇ ರಂಗಮಂದಿರ ಮಾಡಿ 1857ರ ಜನವರಿಯಲ್ಲಿ 'ದಿ ಫ್ರೋಜನ್ ಡೀಪ್' ನಾಟಕ ಆಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಕನ್ಸ್ ಮನೆಯ ಕೆಲಸದವಳಿಗೆ ಒಂದು ಪತ್ರ ಬರೆದ: ತನ್ನ ಡ್ರೆಸ್ಸಿಂಗ್ ಕೋಣೆಗೂ ಹೆಂಡತಿಯ ಕೋಣೆಗೂ ನಡುವಿನ ಬಾಗಿಲ ಸಂದಿಗೆ ಮರದ ಕಪಾಟಿನ ಹಲಗೆ ಹೊಡೆಸಿ, ಬಿಳಿ ಬಣ್ಣದ ಸಾದಾ ಬಾಗಿಲು ಹಾಕಿ ಮುಚ್ಚಿಸಬೇಕು, ತನಗೆ ಚಿಕ್ಕ ಕಬ್ಬಿಣದ ಮಂಚ ಬರಲಿದೆ. ಬಡಗಿಗೆ ಹೇಳುವ ಸೂಚನೆಯಂತೆ ಕಾಣುವ ಈ ಪತ್ರ ಒಂದು ದಾಂಪತ್ಯ ಮುರಿದದ್ದರ ದಾಖಲೆ. 1858ರಲ್ಲಿ ಗಂಡ ಹೆಂಡತಿ ಬೇರೆಯಾದರು. ಹತ್ತು ಮಕ್ಕಳನ್ನು ಹೆತ್ತ ಕ್ಯಾಥರೀನ್ ಗ್ಲಾಸ್ಟರ್ ಕ್ರೆಸೆಂಟ್‌ನ ಇನ್ನೊಂದು ಮನೆಗೆ ಹೋದಳು. ಮನೆಗಳ ಟಿಪ್ಪಣಿಯಲ್ಲಿ ಅವಳ ವಿಳಾಸವನ್ನು ಕೈಬಿಡುವುದು ನ್ಯಾಯವಲ್ಲ.

ಗ್ಯಾಡ್ಸ್ ಹಿಲ್ ಪ್ಲೇಸ್

1856ರ ಮಾರ್ಚ್ 14ರಂದು ಹಣ ಕಟ್ಟಿ ಕೊಂಡದ್ದು, 1,790 ಪೌಂಡ್. ಅದರಲ್ಲಿ 90 ಪೌಂಡ್ ರಸ್ತೆಯಾಚೆಯ ಗಿಡಮರಗಳ ತುಂಡು ಜಾಗಕ್ಕೆ. ಅಪ್ಪ ಬೆರಳು ಮಾಡಿ ತೋರಿಸಿದ್ದ ಅದೇ ಮನೆ, ಆದರೆ ಅದನ್ನು ನೋಡಲು ಅಪ್ಪ ಇರಲಿಲ್ಲ, 1851ರಲ್ಲೇ ತೀರಿಕೊಂಡಿದ್ದ. ಮೊದಲಿನ ಯೋಚನೆ ಮನೆಯನ್ನು ಬಾಡಿಗೆಗೆ ಕೊಟ್ಟು ಆಗಾಗ ಬಂದಿರುವುದು. 1857ರ ಬೇಸಿಗೆಗೆ ಬಂದ, 1860ರಲ್ಲಿ ಟ್ಯಾವಿಸ್ಟಾಕ್ ಹೌಸ್ ಲೀಸು ಮಾರಿ ಪೂರ್ತಿ ನೆಲೆಸಿದ.

ಸ್ವಂತ ಮನೆ ಎಂದರೆ ರಿಪೇರಿಯೂ ಸ್ವಂತದ್ದೇ. ಮೊದಲ ತಾಪತ್ರಯ ನೀರು. ಗುಡ್ಡದ ಮೇಲಿನ ಸುಣ್ಣಕಲ್ಲಿನ ನೆಲ, ಮಳೆನೀರು ಮೇಲೆ ನಿಲ್ಲದೆ ಆಳಕ್ಕೆ ಇಳಿದುಬಿಡುತ್ತದೆ. ಬಂದ ಬೇಸಿಗೆಯಲ್ಲೇ ಬಾವಿ ಬತ್ತಿತು. ಕೂಲಿಯವರು ವಾರಗಟ್ಟಲೆ ಕೊರೆದು 200 ಅಡಿಗೂ ಆಳ ಹೋದ ಮೇಲೆ ನೀರು ಸಿಕ್ಕಿತು, ಅದನ್ನು ದಿನಾ ಮೇಲೆತ್ತಲು ಕುದುರೆ ಬೇಕಾಯಿತು. ಆಮೇಲೆ ಚಾವಣಿ ಎತ್ತರಿಸಿ ಕೋಣೆ ಸೇರಿಸುವುದು, ಹಜಾರ ದೊಡ್ಡದು ಮಾಡುವುದು ಮುಗಿಯಲೇ ಇಲ್ಲ. ಊಟದ ಕೋಣೆಗೆ ತಾಗಿದ ಗಾಜಿನ ಹೂಮನೆ ಸಿದ್ಧವಾದದ್ದು ಅವನು ಸಾಯುವ ಕೆಲವೇ ದಿನ ಮೊದಲು.

ಗ್ರೇವ್ಸೆಂಡ್‌ನಿಂದ ರಾಚೆಸ್ಟರ್‌ಗೆ ಹೋಗುವ ರಸ್ತೆ ಮನೆಯನ್ನೂ ಆ ಗಿಡಮರದ ಜಾಗವನ್ನೂ ಬೇರೆ ಬೇರೆ ಮಾಡಿತ್ತು. ರಸ್ತೆಯಡಿ ಇಟ್ಟಿಗೆಯ ಸುರಂಗ ತೋಡಿಸಿದ. 1865ರ ಆರಂಭದಲ್ಲಿ ನಟ ಚಾರ್ಲ್ಸ್ ಫೆಕ್ಟರ್ ಕೊಟ್ಟ ಉಡುಗೊರೆ ರೈಲಿನಲ್ಲಿ 58 ಪೆಟ್ಟಿಗೆಗಳಲ್ಲಿ ಬಂತು: ಬಿಚ್ಚಿ ಜೋಡಿಸಬಹುದಾದ ಎರಡಂತಸ್ತಿನ ಸ್ವಿಸ್ ಮರದ ಮನೆ. ಅದನ್ನು ರಸ್ತೆಯಾಚೆ ನಿಲ್ಲಿಸಿ, ಮೇಲಿನ ಕೋಣೆಯಲ್ಲಿ ಐದು ಕನ್ನಡಿ ಹಾಕಿಸಿ, ಬೇಸಿಗೆಯಲ್ಲಿ ಅಲ್ಲಿ ಕೂತು ಬರೆಯುತ್ತಿದ್ದ. ಕಿಟಕಿಯಾಚೆಯ ಎಲೆಗಳು, ಹೊಲಗಳು, ಥೇಮ್ಸ್‌ನ ಹಾಯಿಗಳು ಕನ್ನಡಿಯಲ್ಲಿ ಮೂಡುತ್ತಿದ್ದವು.

1870ರ ಜೂನ್ 8ರಂದು ಅಲ್ಲಿ ಕೂತು ಕೊನೆಯ ಕಾದಂಬರಿ 'ಎಡ್ವಿನ್ ಡ್ರೂಡ್'ನ ಭಾಗ ಬರೆದ. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಮಿದುಳಿನ ಆಘಾತವಾಯಿತು, ಮರುದಿನ ಅದೇ ಊಟದ ಕೋಣೆಯ ಸೋಫಾ ಮೇಲೆ ತೀರಿಕೊಂಡ. ಮನೆ ಕೆಲಕಾಲ ಹಿರಿಮಗನ ಕೈಲಿತ್ತು, 1924ರಿಂದ ಅಲ್ಲಿ ಶಾಲೆಯಿದೆ. ಮರದ ಮನೆ ಈಗ ರಾಚೆಸ್ಟರ್‌ನ ಈಸ್ಟ್‌ಗೇಟ್ ಹೌಸ್ ತೋಟದಲ್ಲಿ ಇದೆ.

ಎಡವುವ ಜಾಗಗಳು

ಬ್ರಾಡ್‌ಸ್ಟೇರ್ಸ್‌ನಲ್ಲಿ 'ಬ್ಲೀಕ್ ಹೌಸ್' ಎಂಬ ಮನೆಯಿದೆ. ಡಿಕನ್ಸ್ ರಜೆಗೆ ಬಾಡಿಗೆ ಹಿಡಿಯುತ್ತಿದ್ದಾಗ ಅದರ ಹೆಸರು ಫೋರ್ಟ್ ಹೌಸ್, ಅಲ್ಲಿ ಬರೆದದ್ದು 'ಡೇವಿಡ್ ಕಾಪರ್‌ಫೀಲ್ಡ್'ನ ಭಾಗ. ಈಗಿನ ಹೆಸರು ಆಮೇಲಿನದು, ಕಾದಂಬರಿಯ ಬ್ಲೀಕ್ ಹೌಸ್ ಇರುವುದು ಸೇಂಟ್ ಆಲ್ಬನ್ಸ್ ಬಳಿ. ಬ್ರಾಡ್‌ಸ್ಟೇರ್ಸ್‌ನ ಡಿಕನ್ಸ್ ಹೌಸ್ ಮ್ಯೂಸಿಯಂ ಕೂಡ ಅವನ ಮನೆಯಲ್ಲ. 'ಡೇವಿಡ್ ಕಾಪರ್‌ಫೀಲ್ಡ್'ನ ಬೆಟ್ಸಿ ಟ್ರಾಟ್‌ವುಡ್ ಪಾತ್ರಕ್ಕೆ ಮಾದರಿಯಾದ ಮಹಿಳೆಯ ಮನೆ ಅದು. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ ಬರುವ ಮಿಸ್ ಹ್ಯಾವಿಷಮ್‌ಳ ಸ್ಯಾಟಿಸ್ ಹೌಸ್‌ಗೆ ರಾಚೆಸ್ಟರ್‌ನ ರೆಸ್ಟೊರೇಷನ್ ಹೌಸ್ ಮಾದರಿ, ಹೆಸರು ಮಾತ್ರ ಅದೇ ಊರಿನ ಬೇರೊಂದು ಮನೆಯದು.

ವಿಳಾಸದ ಪಟ್ಟಿ ಬರೀ ಫಲಕಗಳನ್ನು ನಂಬಿದರೆ ಪೂರ್ತಿಯಾಗುವುದಿಲ್ಲ. 1860ರ ದಶಕದಲ್ಲಿ ನಟಿ ಎಲೆನ್ ಟರ್ನನ್‌ಗಾಗಿ ಡಿಕನ್ಸ್ ಹಿಡಿದಿದ್ದ ಸ್ಲೌ ಮತ್ತು ಪೆಕಮ್‌ನ ಮನೆಗಳು ಪತ್ತೆಯಾದದ್ದು ಮನೆ ಕಂದಾಯದ ಹಳೆಯ ಪುಸ್ತಕಗಳಿಂದ, 'ಟ್ರಿಂಗ್‌ಹ್ಯಾಮ್' ಎಂಬ ಸುಳ್ಳು ಹೆಸರಿನಲ್ಲಿ ಕಟ್ಟಿದ ಬಾಬ್ತುಗಳಿಂದ. ಮನೆಯ ನಂಬರುಗಳೂ ಕಾಲಕಾಲಕ್ಕೆ ಬದಲಾಗಿವೆ. ಆರ್ಡ್‌ನನ್ಸ್ ಟೆರೇಸಿನ 2ನೇ ಮನೆ ಈಗ 11, ಮೈಲ್ ಎಂಡ್ ಟೆರೇಸಿನದು 393. ಉತ್ತರ ಬರೆಯುವಾಗ ಹಳೆಯ ವಿಳಾಸ ಕೊಟ್ಟು, ಪಕ್ಕದಲ್ಲಿ ಈಗಿನದು ಎಂದು ಹೇಳಿಯೇ ಹೊಸ ನಂಬರು ಬರೆಯಿರಿ.